ಬಾಡಿಗೆ ಮಳಿಗೆಯ ಕಸುಬು: ತುಮಕೂರಿನಲ್ಲಿ ಮೊದಲ ಅಂಗಡಿ ಕೊಳ್ಳುವುದು ಹೇಗೆ

ಮಳಿಗೆಯ ಬಾಡಿಗೆ ಹುಟ್ಟುವುದು ಬಾಡಿಗೆದಾರನ ಗಲ್ಲಾಪೆಟ್ಟಿಗೆಯಲ್ಲಿ. ಅವನ ವ್ಯಾಪಾರ ತಾಳದಷ್ಟು ಬಾಡಿಗೆ ನಿಗದಿ ಮಾಡಿದರೆ ಕೆಲವು ತಿಂಗಳು ದುಡ್ಡು ಬರುತ್ತದೆ, ಆಮೇಲೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎನ್ನುತ್ತಾನೆ, ಕೊನೆಗೆ ಷಟರ್ ಇಳಿಯುತ್ತದೆ. ತುಮಕೂರಿನಂಥ ಜಿಲ್ಲಾ ಕೇಂದ್ರದಲ್ಲಿ ಅಂಗಡಿ, ಗೋಡೌನು ಕೊಂಡು ಬಾಡಿಗೆಗೆ ಕೊಡುವುದನ್ನೇ ಕಸುಬು ಮಾಡಿಕೊಳ್ಳುವವರು ಚದರಡಿ ರೇಟು ಕೇಳುವ ಮೊದಲು, ಆ ಬೀದಿಯಲ್ಲಿ ಯಾವ ವ್ಯಾಪಾರ ಎಷ್ಟು ಬಾಡಿಗೆ ತಡೆಯುತ್ತದೆ ಎಂದು ಲೆಕ್ಕ ಹಾಕುವುದನ್ನು ಕಲಿಯಬೇಕು. ಉಳಿದದ್ದೆಲ್ಲ, ಕಾಗದಪತ್ರ, ಸಾಲ, ತೆರಿಗೆ, ಇದರ ಮೇಲೆ ನಿಲ್ಲುತ್ತದೆ.

ಗಲ್ಲಾ ಲೆಕ್ಕ

ಒಂದು ಉದಾಹರಣೆ ನೋಡೋಣ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮಾದರಿಯ ಹೋಟೆಲಿಗೆ 300 ಚದರಡಿಯ ಮಳಿಗೆಯನ್ನು ತಿಂಗಳಿಗೆ ₹40,000ಕ್ಕೆ ಕೊಡುವ ಯೋಚನೆ ಇದೆ ಎನ್ನಿ. ಟಿಫಿನ್ ಹೋಟೆಲು ವ್ಯಾಪಾರದಲ್ಲಿ ನೂರಕ್ಕೆ ಸುಮಾರು 10 ಭಾಗವನ್ನು ಬಾಡಿಗೆಗೆ ಎತ್ತಿಡಬಲ್ಲದು. ಅಂದರೆ ತಿಂಗಳಿಗೆ ₹4 ಲಕ್ಷ, ದಿನಕ್ಕೆ ₹13,300ರಷ್ಟು ವ್ಯಾಪಾರ ಆಗಬೇಕು. ಒಬ್ಬ ಗಿರಾಕಿ ಸರಾಸರಿ ₹50 ಕೊಟ್ಟರೆ ದಿನಕ್ಕೆ 267 ಜನ ಬೇಕು. ಬೆಳಗ್ಗೆ 6ರಿಂದ 11, ಸಂಜೆ 4ರಿಂದ 8 ತೆರೆದಿದ್ದರೆ ಒಟ್ಟು 9 ಗಂಟೆ. ಗಂಟೆಗೆ 30 ಜನ, ಎರಡು ನಿಮಿಷಕ್ಕೊಬ್ಬರು.

ಈಗ ಆ ಜಾಗದ ಎದುರು ಹೋಗಿ ನಿಲ್ಲಿ. ವಾರದ ದಿನ ಬೆಳಗ್ಗೆ, ಸಂಜೆ, ಮತ್ತೆ ಭಾನುವಾರ, ಪ್ರತಿ ಸಲ ಒಂದು ಗಂಟೆ. ರಸ್ತೆಯಲ್ಲಿ ಹಾದುಹೋಗುವವರನ್ನು ಎಣಿಸಬೇಡಿ. ಅಕ್ಕಪಕ್ಕದ ಅಂಗಡಿಗಳ ಮೆಟ್ಟಿಲು ಹತ್ತಿದವರನ್ನು, ಅದರಲ್ಲೂ ಕೈಯಲ್ಲಿ ಚೀಲ ಹಿಡಿದು ಇಳಿದವರನ್ನು ಎಣಿಸಿ. ಬಿ.ಎಚ್. ರಸ್ತೆಯಲ್ಲಿ ಸಾವಿರ ವಾಹನ ಹೋಗುತ್ತವೆ, ನಿಲ್ಲುವುದು ಎಷ್ಟು ಎಂಬುದೇ ಪ್ರಶ್ನೆ.

ಎಲ್ಲ ವ್ಯಾಪಾರಕ್ಕೂ 10 ಭಾಗ ಹೊಂದುವುದಿಲ್ಲ. ದಿನಸಿ ಅಂಗಡಿ 3ರಿಂದ 4 ಭಾಗಕ್ಕಿಂತ ಹೆಚ್ಚು ತಡೆಯದು, ಔಷಧಿ ಅಂಗಡಿ 5ರ ಒಳಗೆ, ಬಟ್ಟೆ ಅಂಗಡಿ 8ರಿಂದ 10. ಮೊಬೈಲ್ ಅಂಗಡಿಗೆ ಫೋನಿನಲ್ಲಿ ಸಿಗುವ ಮಾರ್ಜಿನ್ ತೀರಾ ತೆಳು, ಕವರು, ಚಾರ್ಜರು, ರಿಪೇರಿಯಲ್ಲೇ ಬಾಡಿಗೆ ಹೊರಡಬೇಕು. ಇವು ವ್ಯಾಪಾರಿಗಳೇ ಬಳಸುವ ಅಂದಾಜು. ನಿಮ್ಮ ಬೀದಿಯ ನಾಲ್ಕು ಅಂಗಡಿಯವರನ್ನು ಮಾತಾಡಿಸಿ ತಿದ್ದಿಕೊಳ್ಳಿ. ಬಾಡಿಗೆ ಎಷ್ಟು ಎಂದು ನೇರವಾಗಿ ಕೇಳಿದರೆ ಯಾರೂ ಹೇಳರು. "ಇಲ್ಲಿ ಮಳಿಗೆ ಹುಡುಕ್ತಿದ್ದೀನಿ ಅಣ್ಣಾ, ಏನು ನಡೀತಿದೆ ರೇಟು?" ಎಂದರೆ ಎಲ್ಲರೂ ಹೇಳುತ್ತಾರೆ.

ಬೀದಿಗೊಂದು ಗುಣ

ಎಂ.ಜಿ. ರಸ್ತೆ, ಅಶೋಕ ರಸ್ತೆಯ ಕಡೆ ಬಸ್ಸಿಳಿದು ನಡೆದು ಬರುವ ಗಿರಾಕಿ ಹೆಚ್ಚು. ಇಲ್ಲಿ ಮಳಿಗೆಯ ಅಗಲಕ್ಕೆ ಬೆಲೆ, ಆಳಕ್ಕಲ್ಲ. 10 ಅಡಿ ಅಗಲ 30 ಅಡಿ ಆಳದ ಅಂಗಡಿಗೂ 10 ಅಡಿ ಅಗಲ 45 ಅಡಿ ಆಳದ ಅಂಗಡಿಗೂ ಬಾಡಿಗೆ ಬಹುತೇಕ ಒಂದೇ ಆಗಿರುತ್ತದೆ, ಹಿಂದಿನ 15 ಅಡಿ ಸಾಮಾನು ಪೇರಿಸಲು ಮಾತ್ರ. ಮಾರುವವರು ಅದಕ್ಕೂ ಪೂರ್ತಿ ಚದರಡಿ ರೇಟು ಹಾಕುತ್ತಾರೆ, ಚೌಕಾಸಿ ಮಾಡಬೇಕಾದದ್ದು ಅಲ್ಲೇ. ಮಂಡಿಪೇಟೆಯಲ್ಲಿ ಸಗಟು ವ್ಯಾಪಾರ, ಲಾರಿ ಇಳಿಸಲು ಜಾಗ ಮತ್ತು ಮೇಲೊಂದು ಅಟ್ಟ ಇದ್ದರೆ ಬಾಡಿಗೆದಾರ ಬಿಡುವುದೇ ಇಲ್ಲ. ಎಸ್‌ಐಟಿ ಕಾಲೇಜಿನ ಸುತ್ತ ಜೆರಾಕ್ಸು, ಮೆಸ್ಸು, ಜ್ಯೂಸ್ ಅಂಗಡಿಗಳು ಚೆನ್ನಾಗಿ ನಡೆಯುತ್ತವೆ, ರಜೆಯ ತಿಂಗಳುಗಳಲ್ಲಿ ಕುಸಿಯುತ್ತವೆ. ಅಲ್ಲಿ ಲೆಕ್ಕ ಹಾಕುವಾಗ ವರ್ಷಕ್ಕೆ 12 ತಿಂಗಳ ವ್ಯಾಪಾರ ಹಿಡಿಯಬೇಡಿ, 9 ತಿಂಗಳು ಹಿಡಿಯಿರಿ. ಅಂತರಸನಹಳ್ಳಿ ಮಾರುಕಟ್ಟೆ ಕಡೆ ಬೆಳಗಿನ ಜಾವದ ವ್ಯಾಪಾರ, ಮಧ್ಯಾಹ್ನ ಹೋಗಿ ನೋಡಿದರೆ ಏನೂ ತಿಳಿಯದು.

ರಸ್ತೆ ಮಧ್ಯದ ಡಿವೈಡರ್ ಎಲ್ಲಿ ತೆರೆದಿದೆ ನೋಡಿ. ತೆರೆಯದ ಕಡೆ ಎದುರು ದಿಕ್ಕಿನಿಂದ ಬರುವ ಗಿರಾಕಿ ಪೂರ್ತಿ ಕೈತಪ್ಪುತ್ತಾನೆ. ಮಳಿಗೆ ಮುಂದೆ ಟ್ರಾನ್ಸ್‌ಫಾರ್ಮರ್, ಚರಂಡಿಗೆ ಚಪ್ಪಡಿ ಇಲ್ಲದಿರುವುದು, ರಸ್ತೆ ಏರಿಸಿದ ಮೇಲೆ ಅಂಗಡಿಯ ನೆಲ ತಗ್ಗಾಗಿರುವುದು, ಇವೆಲ್ಲ ಬಾಡಿಗೆ ಕಡಿಮೆ ಮಾಡುತ್ತವೆ. ನೆಲ ರಸ್ತೆಗಿಂತ ತಗ್ಗಿದ್ದರೆ ಮಳೆಗಾಲದಲ್ಲಿ ನೀರು ಒಳಗೇ. ಗೋಡೆಯ ಕೆಳಗಿನ ಒಂದಡಿಯಲ್ಲಿ ಸುಣ್ಣ ಉದುರಿ ಗೆರೆ ಮೂಡಿದ್ದರೆ ನೀರು ಎಷ್ಟು ಎತ್ತರಕ್ಕೆ ನಿಂತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಹೊಸ ಬಣ್ಣ ಕೆಳಗಿನ ಎರಡಡಿಗೆ ಮಾತ್ರ ಬಳಿದಿದ್ದರೆ ಕಾರಣ ಕೇಳಿ.

ಮೊದಲ ಮಹಡಿಯ ಅಂಗಡಿ ಅಗ್ಗಕ್ಕೆ ಸಿಗುತ್ತದೆಂದು ಹೊಸಬರು ಅತ್ತ ವಾಲುತ್ತಾರೆ. ಕ್ಲಿನಿಕ್, ಟ್ಯೂಷನ್, ಆಡಿಟರ್ ಆಫೀಸು ಬಿಟ್ಟರೆ ಮೇಲೆ ಹತ್ತುವ ವ್ಯಾಪಾರ ನಮ್ಮ ಊರುಗಳಲ್ಲಿ ಕಡಿಮೆ, ಖಾಲಿ ಬೀಳುವ ತಿಂಗಳು ಹೆಚ್ಚು. ಮೊದಲ ಖರೀದಿ ನೆಲಮಹಡಿಯಲ್ಲೇ ಇರಲಿ, ಚಿಕ್ಕದಾದರೂ ಸರಿ.

ಬೆಲೆ ಕಟ್ಟುವುದು

ಮಾರುವವರು ₹80 ಲಕ್ಷ ಹೇಳುತ್ತಾರೆ, ಬಾಡಿಗೆ ₹40,000 ಬರುತ್ತಿದೆ, ವರ್ಷಕ್ಕೆ ₹4.8 ಲಕ್ಷ, "ಆರು ಪರ್ಸೆಂಟ್ ಬಂತಲ್ಲ ಸಾರ್" ಎನ್ನುತ್ತಾರೆ. ಕೂತು ಲೆಕ್ಕ ಹಾಕಿ.

ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1%ರ ಬದಲು 2%. ಒಟ್ಟು 7.6%, ಅಂದರೆ ₹6.08 ಲಕ್ಷ. ಬ್ರೋಕರ್ ಕಮಿಷನ್ 1% ಹಿಡಿದರೆ ₹80,000. ವಕೀಲರು, ಖಾತೆ ಬದಲಾವಣೆ, ಓಡಾಟಕ್ಕೆ ₹40,000. ಷಟರು, ವೈರಿಂಗು, ನೀರು ಸೋರುವುದನ್ನು ಸರಿ ಮಾಡಲು ₹1.5 ಲಕ್ಷ. ನಿಮ್ಮ ಕೈಯಿಂದ ಹೋಗುವುದು ₹88.78 ಲಕ್ಷ.

ಇನ್ನು ಬರುವುದು. ಒಬ್ಬ ಹೋಗಿ ಇನ್ನೊಬ್ಬ ಬರುವ ನಡುವಿನ ಖಾಲಿಗೆಂದು ವರ್ಷಕ್ಕೆ ಒಂದು ತಿಂಗಳ ಬಾಡಿಗೆ ಕಳೆಯಿರಿ: ₹4.4 ಲಕ್ಷ. ಆಸ್ತಿ ತೆರಿಗೆಗೆ ₹25,000, ವಿಮೆ ಮತ್ತು ರಿಪೇರಿಗೆ ₹20,000 ಕಳೆದರೆ ಉಳಿಯುವುದು ₹3.95 ಲಕ್ಷ. ಹೇಳಿದ ಆರು ಪರ್ಸೆಂಟು ನಾಲ್ಕೂವರೆಗೂ ಮುಟ್ಟಲಿಲ್ಲ. ನಿಮಗೆ ಕನಿಷ್ಠ 7% ಬೇಕೆಂದರೆ ಈ ಮಳಿಗೆಗೆ ನೀವು ಕೊಡಬಹುದಾದ ಬೆಲೆ ಸುಮಾರು ₹50 ಲಕ್ಷ. ಇಷ್ಟು ಅಂತರ ಕಂಡಾಗ ನಾಚಿಕೆಪಡದೆ ನಿಮ್ಮ ಬೆಲೆ ಹೇಳಿ, ಫೋನ್ ನಂಬರ್ ಕೊಟ್ಟು ಎದ್ದು ಬನ್ನಿ. ಮಳಿಗೆ ಮಾರುವುದು ಮನೆ ಮಾರಿದಷ್ಟು ಸುಲಭವಲ್ಲ, ಎಷ್ಟೋ ಜನ ತಿಂಗಳುಗಳ ನಂತರ ತಾವೇ ಫೋನ್ ಮಾಡುತ್ತಾರೆ.

ಸಾಲ ಮಾಡಿ ಕೊಳ್ಳುವವರು ಇನ್ನೊಂದು ಲೆಕ್ಕ ನೋಡಲೇಬೇಕು. ವಾಣಿಜ್ಯ ಆಸ್ತಿಗೆ ಬ್ಯಾಂಕುಗಳು ಮನೆ ಸಾಲದಷ್ಟು ಕಡಿಮೆ ಬಡ್ಡಿಗೆ, ಅಷ್ಟು ದೀರ್ಘ ಅವಧಿಗೆ ಕೊಡುವುದಿಲ್ಲ. ₹50 ಲಕ್ಷ ಸಾಲಕ್ಕೆ 10% ಬಡ್ಡಿಯಾದರೆ 10 ವರ್ಷದ ಕಂತು ತಿಂಗಳಿಗೆ ₹66,000ದಷ್ಟು, 15 ವರ್ಷದ್ದಾದರೆ ₹53,700. ಬಾಡಿಗೆ ₹40,000. ಮಿಕ್ಕದ್ದನ್ನು ಪ್ರತಿ ತಿಂಗಳೂ ಜೇಬಿನಿಂದ ತುಂಬಬೇಕು, ಮಳಿಗೆ ಖಾಲಿ ಬಿದ್ದ ತಿಂಗಳು ಪೂರ್ತಿ ಕಂತನ್ನೇ ತುಂಬಬೇಕು. ಬೆಲೆ ಏರುತ್ತದೆ ಎಂಬ ಒಂದೇ ಭರವಸೆಯ ಮೇಲೆ ಇದಕ್ಕೆ ಇಳಿಯಬೇಡಿ. ಸಾಲ ಬೆಲೆಯ ಮೂರನೇ ಒಂದು ಭಾಗ ಮೀರದಿರುವುದು, ಆರು ತಿಂಗಳ ಕಂತು ಪ್ರತ್ಯೇಕವಾಗಿ ಇಟ್ಟಿರುವುದು ಮೊದಲ ಖರೀದಿಗೆ ಕ್ಷೇಮ.

ಹೊಸ ಕಾಂಪ್ಲೆಕ್ಸುಗಳ ಜಾಹೀರಾತಿನಲ್ಲಿ "ಮೂರು ವರ್ಷ ಖಚಿತ ಬಾಡಿಗೆ" ಎಂದಿದ್ದರೆ ಎಚ್ಚರ. ಆ ಬಾಡಿಗೆಯನ್ನು ಮೊದಲೇ ಬೆಲೆಗೆ ಸೇರಿಸಿರುತ್ತಾರೆ, ನಿಮ್ಮ ದುಡ್ಡೇ ನಿಮಗೆ ಕಂತಿನಲ್ಲಿ ವಾಪಸು ಬರುತ್ತದೆ. ನಾಲ್ಕನೇ ವರ್ಷ ನಿಜವಾದ ಬಾಡಿಗೆ ಎಷ್ಟು ಎಂದು ಗೊತ್ತಾಗುತ್ತದೆ. ನಿವೇಶನ 500 ಚದರ ಮೀಟರ್ ಅಥವಾ ಘಟಕಗಳು 8 ಮೀರಿದ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿರಬೇಕು, ಕರ್ನಾಟಕ ರೇರಾ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿ.

ಕಾಗದಪತ್ರ

ಇಲ್ಲಿ ಅವಸರ ಬೇಡವೇ ಬೇಡ. ಕನಿಷ್ಠ 30 ವರ್ಷದ ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ಋಣಭಾರ ಪತ್ರ) ತೆಗೆಸಿ. 2004ರಿಂದೀಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ, ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಇಸಿಯನ್ನು ಕೆಳಗಿನಿಂದ ಮೇಲಕ್ಕೆ, ಹಳೆಯದರಿಂದ ಹೊಸದಕ್ಕೆ ಓದಿ. ಪ್ರತಿ ವ್ಯವಹಾರದಲ್ಲಿ ಬರೆದುಕೊಟ್ಟವರು ಹಿಂದಿನ ವ್ಯವಹಾರದಲ್ಲಿ ಬರೆಸಿಕೊಂಡವರೇ ಆಗಿರಬೇಕು. ನಡುವೆ ಹೆಸರು ತುಂಡಾದರೆ ಅಲ್ಲೊಂದು ವಿಲ್ಲು, ನೋಂದಣಿಯಾಗದ ಪಾಲುಪಟ್ಟಿ ಅಥವಾ ಸಾವು ಇದೆ ಎಂದರ್ಥ. ಅದರ ದಾಖಲೆ ಕೈಗೆ ಬರುವವರೆಗೂ ಮುಂದೆ ಹೋಗಬೇಡಿ. ಅಡಮಾನ ಇದ್ದು ಅದರ ಖುಲಾಸೆ ಪತ್ರ ಇಲ್ಲದಿದ್ದರೆ, "ಸಾಲ ತೀರಿಸಿ ಎಷ್ಟೋ ವರ್ಷ ಆಯ್ತು" ಎಂಬ ಮಾತು ಸಾಲದು, ಬ್ಯಾಂಕಿನಿಂದ ಖುಲಾಸೆ ನೋಂದಣಿ ಮಾಡಿಸಿ ಕೊಡಲಿ. ಇಸಿಯಲ್ಲಿ ನೋಂದಣಿಯಾದದ್ದು ಮಾತ್ರ ಕಾಣುತ್ತದೆ, ಕೋರ್ಟಿನ ವ್ಯಾಜ್ಯ ಕಾಣುವುದಿಲ್ಲ. ಅದಕ್ಕೆ ಮಾರುವವರ ಹೆಸರು ಹಾಕಿ ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ.

ಪಿತ್ರಾರ್ಜಿತ ಮಳಿಗೆಯಾದರೆ ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳ ಸಹಿ ಕೇಳಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗವಾಗಿದ್ದರೆ ಅದಕ್ಕೆ ಧಕ್ಕೆ ಇಲ್ಲ. "ಅಕ್ಕ ಮದುವೆಯಾಗಿ ಹೋಗಿದ್ದಾರೆ, ಏನೂ ತಕರಾರಿಲ್ಲ" ಎಂದರೆ ಆ ಅಕ್ಕನವರೇ ಕ್ರಯಪತ್ರಕ್ಕೆ ಸಹಿ ಹಾಕಲಿ, ಇಲ್ಲವೇ ಹಕ್ಕು ಖುಲಾಸೆ ಪತ್ರ ನೋಂದಣಿಯಾಗಲಿ.

ಪೇಟೆಯೊಳಗೆ ಇನ್ನೊಂದು ತೊಡಕು: ಪಾಲಿಕೆಯ ಮಳಿಗೆ, ಎಪಿಎಂಸಿ ಮಳಿಗೆ, ದೇವಸ್ಥಾನ ಅಥವಾ ವಕ್ಫ್ ಜಾಗದ ಮಳಿಗೆಗಳನ್ನು ಅನುಭೋಗಿಸುತ್ತಿರುವವರು "ಗುಡ್‌ವಿಲ್" ಹೆಸರಿನಲ್ಲಿ ಕೈ ಬದಲಿಸುತ್ತಾರೆ. ಅಲ್ಲಿ ನೀವು ಕೊಳ್ಳುವುದು ಮಾಲೀಕತ್ವವನ್ನಲ್ಲ, ಗುತ್ತಿಗೆ ಮುಗಿದ ದಿನ ಎಲ್ಲವೂ ಮುಗಿಯುತ್ತದೆ. ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದಲ್ಲಿ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನಿವೇಶನವನ್ನು ಮೊದಲು ಗುತ್ತಿಗೆ-ಮತ್ತು-ಮಾರಾಟದ ಕರಾರಿನಲ್ಲಿ ಕೊಡುತ್ತದೆ. ಮಂಡಳಿಯಿಂದ ಶುದ್ಧ ಕ್ರಯಪತ್ರ ಆಗುವವರೆಗೆ ಅದನ್ನು ಹಂಚಿಕೆ ಪಡೆದವರು ತಮ್ಮಿಷ್ಟದಂತೆ ಮಾರಲಾರರು.

ನಗರದೊಳಗಿನ ಆಸ್ತಿಗೆ ಇ-ಖಾತೆ (ಪಾಲಿಕೆಯ ಡಿಜಿಟಲ್ ಖಾತೆ) ಇರಲೇಬೇಕು, ಅದಿಲ್ಲದೆ ನೋಂದಣಿಯೇ ಆಗದು. ಪಂಚಾಯಿತಿ ವ್ಯಾಪ್ತಿಯದಾದರೆ ಪಂಚಾಯಿತಿ ಆಸ್ತಿ ದಾಖಲೆಯ ಜಾಲತಾಣವಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ನೋಡಿ. ಅಧಿಕೃತವಲ್ಲದ ಆಸ್ತಿಗೆ ಕೊಡುವ 11ಬಿ ಮಾತ್ರ ಇದ್ದರೆ ಬ್ಯಾಂಕು ಮುಖ ತಿರುಗಿಸುತ್ತದೆ, ನಾಳೆ ನೀವು ಮಾರಲು ಹೋದಾಗ ಕೊಳ್ಳುವವರೂ ಅಷ್ಟೇ. ಹೆದ್ದಾರಿ ಬದಿಯ ಜಾಗಕ್ಕೆ ಭೂಪರಿವರ್ತನೆ ಆದೇಶದಲ್ಲಿ ಉದ್ದೇಶ "ವಾಣಿಜ್ಯ" ಎಂದೇ ಇದೆಯೇ ಓದಿ, "ವಾಸ" ಎಂದಿದ್ದರೆ ಗೋಡೌನು ಕಟ್ಟುವಂತಿಲ್ಲ. ಪಹಣಿಯ ಹಿಂದಿನ ಚರಿತ್ರೆಯಲ್ಲಿ ಸರ್ಕಾರದಿಂದ ಮಂಜೂರಾದ ಜಮೀನು ಎಂದು ಕಂಡರೆ ನಿಲ್ಲಿ: ಪರಿಶಿಷ್ಟರಿಗೆ ಮಂಜೂರಾದದ್ದಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. 2023ರ ತಿದ್ದುಪಡಿಯ ನಂತರ ಎಷ್ಟು ವರ್ಷ ಕಳೆದರೂ ಮಂಜೂರು ಪಡೆದವರ ಕಡೆಯವರು ಜಮೀನು ವಾಪಸು ಕೇಳಬಹುದು. ನಗರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ರಸ್ತೆ ಅಗಲೀಕರಣಕ್ಕೆ ಎಷ್ಟು ಬಿಡಬೇಕು ಎಂದು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ವಿಚಾರಿಸಿ. 30 ಅಡಿ ಆಳದ ಅಂಗಡಿಯಲ್ಲಿ ಮುಂದಿನ 8 ಅಡಿ ಹೋದರೆ ಉಳಿದದ್ದಕ್ಕೆ ಮತ್ತೆ ಕಟ್ಟಡ ಪರವಾನಗಿ ಸಿಗುವುದೇ ಅನುಮಾನ.

ಎಲ್ಲ ಸರಿ ಎನಿಸಿದ ಮೇಲೆ ತಕರಾರಿದ್ದವರು ತಿಳಿಸಲಿ ಎಂದು ಸ್ಥಳೀಯ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು 15 ದಿನ ಕಾಯಿರಿ, 10% ಕೊಟ್ಟು ಅಗ್ರಿಮೆಂಟು ನೋಂದಣಿ ಮಾಡಿಸಿ. ಬೆಲೆ ₹50 ಲಕ್ಷ ಅಥವಾ ಹೆಚ್ಚಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು, ಮರೆತರೆ ಬಡ್ಡಿ, ದಂಡ ನಿಮಗೇ. ಆ ಜಾಗಕ್ಕೆ ಸರ್ಕಾರ ಗೊತ್ತುಪಡಿಸಿದ ಮಾರ್ಗಸೂಚಿ ಬೆಲೆಗಿಂತ ಕಡಿಮೆಗೆ ಬರೆಸಿದರೂ ಮುದ್ರಾಂಕ ಶುಲ್ಕ ಮಾರ್ಗಸೂಚಿ ಬೆಲೆಗೇ. ವ್ಯತ್ಯಾಸ 10% ಮೀರಿದರೆ ಅದು ನಿಮ್ಮ ಆದಾಯವೆಂದು ತೆರಿಗೆಯೂ ಬೀಳುತ್ತದೆ.

ಬಾಡಿಗೆದಾರ ಒಳಗಿರುವಾಗಲೇ ಕೊಳ್ಳುವುದಾದರೆ ಎರಡು ಕೆಲಸ ಬಾಕಿ. ಅವನು ಹಳೆಯ ಮಾಲೀಕರಿಗೆ ಕೊಟ್ಟ ಅಡ್ವಾನ್ಸನ್ನು ಕ್ರಯದ ಮೊತ್ತದಲ್ಲಿ ಮುರಿದುಕೊಳ್ಳಿ, ಯಾಕೆಂದರೆ ಅವನು ಖಾಲಿ ಮಾಡುವಾಗ ಕೇಳುವುದು ನಿಮ್ಮನ್ನು. ಮತ್ತು ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು, ಬಾಕಿ ಎಷ್ಟು, ಇನ್ನು ಮುಂದೆ ಬಾಡಿಗೆ ನಿಮಗೆ ಕೊಡುತ್ತೇನೆ ಎಂದು ಅವನಿಂದ ಸಹಿ ಹಾಕಿಸಿದ ಪತ್ರ ನೋಂದಣಿಗೆ ಮೊದಲೇ ಪಡೆಯಿರಿ. ವಿದ್ಯುತ್ ಬಿಲ್ಲಿನಲ್ಲಿರುವ ಬೆಸ್ಕಾಂ ಆರ್‌ಆರ್ ನಂಬರ್ ಹಾಕಿ ಬಾಕಿ ಇದೆಯೇ ನೋಡಿ, ವಿದ್ಯುತ್ ಬಾಕಿ ಮೀಟರಿಗೆ ಅಂಟಿಕೊಂಡಿರುತ್ತದೆ, ಓಡಿಹೋದ ಬಾಡಿಗೆದಾರನಿಗಲ್ಲ.

ಬಾಡಿಗೆ ಕರಾರು

11 ತಿಂಗಳ ಕರಾರು ಬರೆದು ಪ್ರತಿ ವರ್ಷ ನವೀಕರಿಸುವುದು ನಮ್ಮಲ್ಲಿ ರೂಢಿ. ಸಣ್ಣ ಅಂಗಡಿಗೆ ನಡೆಯುತ್ತದೆ. ಐದು, ಒಂಬತ್ತು ವರ್ಷಕ್ಕೆ ಕೊಡುವಾಗ ಮಾತ್ರ ನೋಂದಣಿ ತಪ್ಪಿಸಬೇಡಿ. ಒಂದು ವರ್ಷ ಮೀರಿದ ಕರಾರು ನೋಂದಣಿಯಾಗದಿದ್ದರೆ ಕೋರ್ಟು ಅದನ್ನು ತಿಂಗಳ ಬಾಡಿಗೆ ಎಂದೇ ನೋಡುತ್ತದೆ, 15 ದಿನದ ನೋಟಿಸಿನಲ್ಲಿ ಯಾರು ಬೇಕಾದರೂ ಹೊರನಡೆಯಬಹುದು. ನೀವು ಬರೆಸಿದ ಲಾಕ್-ಇನ್ (ಇಷ್ಟು ಕಾಲ ಬಿಟ್ಟು ಹೋಗುವಂತಿಲ್ಲ ಎಂಬ ಷರತ್ತು), ಬಾಡಿಗೆ ಏರಿಕೆ ಎಲ್ಲ ನೀರಿನಲ್ಲಿ ಹೋಮ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ವಾಣಿಜ್ಯ ಮಳಿಗೆಗಳಲ್ಲಿ 14 ಚದರ ಮೀಟರಿನ, ಅಂದರೆ ಸುಮಾರು 150 ಚದರಡಿಯ ಒಳಗಿನವಕ್ಕೆ ಮಾತ್ರ. ಅದಕ್ಕಿಂತ ದೊಡ್ಡ ಮಳಿಗೆಗೆ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಿಮ್ಮ ಕರಾರೇ ಗತಿ. ಆದ್ದರಿಂದ ಕರಾರನ್ನು ಟೈಪಿಂಗ್ ಅಂಗಡಿಯ ಹಳೇ ನಮೂನೆಯಲ್ಲಿ ಹೆಸರು ಬದಲಿಸಿ ಮುಗಿಸಬೇಡಿ.

ಅಡ್ವಾನ್ಸು 10 ತಿಂಗಳ ಬಾಡಿಗೆಯಷ್ಟು ಪಡೆಯುವುದು ಸಾಮಾನ್ಯ, ದೊಡ್ಡ ಕಂಪನಿಗಳು 6ಕ್ಕೆ ಇಳಿಸುತ್ತವೆ. ಅದನ್ನು ಖರ್ಚು ಮಾಡದೆ ಎಫ್‌ಡಿಯಲ್ಲಿಡಿ. ಬಾಡಿಗೆ ಏರಿಕೆ ವರ್ಷಕ್ಕೆ 5% ಅಥವಾ ಮೂರು ವರ್ಷಕ್ಕೆ 15%. ಎರಡೂ ಒಂದೇ ಎಂದುಕೊಳ್ಳಬೇಡಿ, ಮೊದಲನೆಯದರಲ್ಲಿ ಏರಿಕೆ ಎರಡನೇ ವರ್ಷದಿಂದಲೇ ಕೈಗೆ ಬರುತ್ತದೆ. ಬ್ಯಾಂಕು, ದೊಡ್ಡ ಮಳಿಗೆಗಳ ಸರಣಿಯವರು ತರುವ ಕರಾರಿನಲ್ಲಿ ನೀವು ಒಂಬತ್ತು ವರ್ಷ ಕಟ್ಟುಬೀಳುತ್ತೀರಿ, ಅವರು ಮೂರು ತಿಂಗಳ ನೋಟಿಸ್ ಕೊಟ್ಟು ಹೋಗಬಹುದು. ಅವರಿಗೆಂದೇ ಲಾಕರ್ ಕೋಣೆ, ರ‍್ಯಾಂಪು ಕಟ್ಟಿಸುವುದಾದರೆ ಕನಿಷ್ಠ ಮೂರು ವರ್ಷದ ಲಾಕ್-ಇನ್ ಅವರ ಮೇಲೂ ಇರಲಿ.

ಹೋಟೆಲಿನವರು ಔಷಧಿ ಅಂಗಡಿಯವರಿಗಿಂತ ಹೆಚ್ಚು ಬಾಡಿಗೆ ಕೊಡುತ್ತಾರೆ, ಹೆಚ್ಚು ಹಾಳೂ ಮಾಡುತ್ತಾರೆ. ಹೊಗೆ ಕೊಳವೆ ಮಾಳಿಗೆಯವರೆಗೆ ಹೋಗಬೇಕು, ಚರಂಡಿಗೆ ಸೇರುವ ಮುಂಚೆ ಎಣ್ಣೆ ಜಿಡ್ಡು ಹಿಡಿಯುವ ತೊಟ್ಟಿ ಬೇಕು, ಅದನ್ನು ವಾರಕ್ಕೊಮ್ಮೆ ತೆಗೆಯುವುದು ಅವರ ಹೊಣೆ ಎಂದು ಬರೆಸಿ. ಇಲ್ಲದಿದ್ದರೆ ಪೈಪು ಕಟ್ಟಿಕೊಂಡು ಮೇಲಿನ ಮಹಡಿಯವರು ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಕೀಲಿ ಕೊಡುವ ದಿನ ಮೀಟರ್ ರೀಡಿಂಗ್, ಷಟರ್, ನೆಲ, ಗೋಡೆಗಳ ಫೋಟೊ ತೆಗೆದು ಕರಾರಿಗೆ ಸೇರಿಸಿ.

ವ್ಯಾಪಾರಕ್ಕೆ ಕೊಟ್ಟ ಬಾಡಿಗೆಗೆ ಜಿಎಸ್‌ಟಿ 18%. ನಿಮ್ಮ ವಾರ್ಷಿಕ ಬಾಡಿಗೆ ಮತ್ತಿತರ ಸೇವಾ ವಹಿವಾಟು ಸೇರಿ ₹20 ಲಕ್ಷ ಮೀರಿದರೆ ನೋಂದಣಿ ಕಡ್ಡಾಯ. ನೀವು ನೋಂದಣಿಯಾಗಿಲ್ಲದೆ ಬಾಡಿಗೆದಾರ ನೋಂದಣಿಯಾಗಿದ್ದರೆ, 2024ರ ಅಕ್ಟೋಬರ್ 10ರಿಂದ ತೆರಿಗೆಯನ್ನು ಅವನೇ ನೇರ ಕಟ್ಟಬೇಕು. ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿ ವ್ಯವಸ್ಥೆಯಾದ ಕಾಂಪೋಸಿಷನ್ ಯೋಜನೆಯಲ್ಲಿರುವ ಬಾಡಿಗೆದಾರರಿಗೆ ವಿನಾಯಿತಿ ಇದೆ. ಆದಾಯ ತೆರಿಗೆಯಲ್ಲಿ, ಕಟ್ಟಿದ ಆಸ್ತಿ ತೆರಿಗೆ ಕಳೆದ ಬಾಡಿಗೆಯ ಮೇಲೆ 30% ಕಡಿತ ಲೆಕ್ಕ ಕೇಳದೆ ಸಿಗುತ್ತದೆ. ಪಾಲಿಕೆಯ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ.

ಅಂಗಡಿಯಿಂದ ಗೋಡೌನಿಗೆ

ಎರಡು ಮೂರು ಮಳಿಗೆ ನಿರ್ವಹಿಸಿದ ಮೇಲೆ ಮುಂದಿನ ಹೆಜ್ಜೆ ಗೋಡೌನು. ಹೆದ್ದಾರಿ 48, ವಸಂತನರಸಾಪುರ, ತಿಪಟೂರಿನ ಕೊಬ್ಬರಿ ವ್ಯಾಪಾರ, ಬೆಂಗಳೂರಿಗೆ ಸುಮಾರು 70 ಕಿ.ಮೀ. ದೂರ, ಇವೆಲ್ಲ ತುಮಕೂರಿಗೆ ಅನುಕೂಲ. ನೆಲ ರಸ್ತೆಗಿಂತ 4 ಅಡಿ ಎತ್ತರ ಇದ್ದರೆ ಲಾರಿಯಿಂದ ನೇರ ಒಳಗೆ ಸರಕು ಎಳೆಯಬಹುದು, ಹಮಾಲಿ ಖರ್ಚು ಉಳಿಯುತ್ತದೆ, ಬಾಡಿಗೆದಾರ ಅದನ್ನು ಮೊದಲು ನೋಡುತ್ತಾನೆ. ಸಣ್ಣ ವಿತರಕರಿಗೆ 18ರಿಂದ 20 ಅಡಿ ಎತ್ತರ ಸಾಕು, ದೊಡ್ಡ ಕಂಪನಿಗಳು 30 ಅಡಿ ಕೇಳುತ್ತವೆ. 40 ಅಡಿಯ ಕಂಟೇನರ್ ಲಾರಿ ತಿರುಗಲು ಮುಂದೆ ವಿಶಾಲವಾದ ಅಂಗಳ ಬೇಕು. ಈ ಜಾಗ ಬಿಡದೆ ಸೈಟಿನ ತುಂಬಾ ಶೆಡ್ ಹಾಕಿದವರ ಗೋಡೌನು ಟೆಂಪೋ ವ್ಯಾಪಾರಕ್ಕಷ್ಟೇ ಉಳಿಯುತ್ತದೆ. ಕೊಬ್ಬರಿ, ಹುಣಸೆ ಇಡುವವರಿಗೆ ನೆಲದಿಂದ ತೇವ ಏರಬಾರದು, ಕಾಂಕ್ರೀಟಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿಯೇ ನೆಲ ಹಾಕಿಸಿ. ಹೆದ್ದಾರಿಗೆ ನೇರ ದಾರಿ ತೆಗೆಯಲು ಹೆದ್ದಾರಿ ಪ್ರಾಧಿಕಾರದ ಅನುಮತಿ ಬೇಕು, ಸರ್ವಿಸ್ ರಸ್ತೆ ಇರುವ ಕಡೆ ಕೊಂಡರೆ ಆ ತಾಪತ್ರಯ ಕಡಿಮೆ.

ಬಾಡಿಗೆ ಏರದೆ ಎರಡು ಸಲ ನವೀಕರಣವಾಗಿ, ಬೀದಿಯ ವ್ಯಾಪಾರ ಬೇರೆ ಕಡೆ ಸರಿಯುತ್ತಿದ್ದರೆ ಬಾಡಿಗೆದಾರ ಒಳಗಿರುವಾಗಲೇ ಮಾರಿ, ಖಾಲಿ ಮಳಿಗೆಗೆ ಬೆಲೆ ಸಿಗದು. 24 ತಿಂಗಳು ದಾಟಿದ ಆಸ್ತಿಯ ಲಾಭಕ್ಕೆ ತೆರಿಗೆ 12.5%. 2024ರ ಜುಲೈ 23ಕ್ಕೆ ಮೊದಲು ಕೊಂಡದ್ದಾದರೆ ಹಣದುಬ್ಬರದ ಲೆಕ್ಕ ಹಿಡಿದು 20% ಕಟ್ಟುವ ಆಯ್ಕೆಯೂ ಇದೆ, ಎರಡನ್ನೂ ಹಾಕಿ ಕಡಿಮೆ ಬಂದದ್ದನ್ನು ಆರಿಸಿಕೊಳ್ಳಿ. ಮಾರಿದ ಆರು ತಿಂಗಳೊಳಗೆ ಇದಕ್ಕೆಂದೇ ಸರ್ಕಾರ ಗೊತ್ತುಪಡಿಸಿದ ಬಾಂಡುಗಳಲ್ಲಿ ₹50 ಲಕ್ಷದವರೆಗೆ ಲಾಭ ತೊಡಗಿಸಿದರೆ ಅಷ್ಟಕ್ಕೆ ತೆರಿಗೆ ಇಲ್ಲ, ಐದು ವರ್ಷ ಮುಟ್ಟುವಂತಿಲ್ಲ. ಕ್ರಯಪತ್ರ, ನೋಂದಣಿ ಖರ್ಚು, ರಿಪೇರಿ ಬಿಲ್ಲುಗಳನ್ನು ಕೊಂಡ ದಿನದಿಂದಲೇ ಒಂದು ಫೈಲಿನಲ್ಲಿಡಿ. ಲಾಭ ಲೆಕ್ಕ ಹಾಕುವಾಗ ನೋಂದಣಿ ಖರ್ಚನ್ನೂ ಕಟ್ಟಡಕ್ಕೆ ಸುರಿದ ಹಣವನ್ನೂ ಆಡಿಟರ್ ಕಳೆಯಬೇಕಾದರೆ ಆ ಕಾಗದಗಳು ಬೇಕು.